ಅಮೃತಾಪುರದ ರೂವಾರಿಗಳು

ಬಾಬಾಬುಡನ್‌ಗಿರಿಯ ಯಾತ್ರೆಗೆಂದು ಹೊರಡುವ ಗೃಹಸ್ಥರು ಮಂಜನ್ನೂ ಕಾಫಿಯ ತೋಟಗಳನ್ನೂ ಕಣ್ತುಂಬ ನೋಡಿ, ಬಂದ ದಾರಿಯಲ್ಲಿಯೇ ಚಿಕ್ಕಮಗಳೂರಿಗೆ ಹಿಂದಿರುಗುವುದು ವಾಡಿಕೆ. ನಾವಾದರೋ ಈ ಸಲ ಕೆಮ್ಮಣ್ಣುಗುಂಡಿಯ ಕಡೆಯಿಂದ ಬೆಟ್ಟವನ್ನಿಳಿದು, ಲಿಂಗದಹಳ್ಳಿ ತರೀಕೆರೆಗಳ ಮಾರ್ಗವಾಗಿ ಅಮೃತಾಪುರವನ್ನು ಸೇರಿದೆವು.

ಇಲ್ಲಿಯ ಅಮೃತೇಶ್ವರ ದೇವಾಲಯವು ಕ್ರಿ.ಶ. 1196ರಲ್ಲಿ ಆದುದು. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕನಾದ ಅಮಿತಯ್ಯನು ಇದನ್ನು ಕಟ್ಟಿಸಿದನು. ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ ಕವಿ. ಹೀಗೆ ಕಟ್ಟಿಸಿದವನ ಹೆಸರು ಎಲ್ಲರಿಗೂ ತಿಳಿಯುವಂತಿದೆ. ಕಟ್ಟಿದವರ ಹೆಸರನ್ನಾದರೋ ಹುಡುಕಿಯೇ ಕಾಣಬೇಕು. ಪ್ರಸಿದ್ಧ ರೂವಾರಿ ಮಲ್ಲಿತಮ್ಮನ ಕೈಕೆಲಸವು ಇಲ್ಲಿಯ ನವರಂಗದ ಭುವನೇಶ್ವರಿಗಳಿಂದಲೇ ಮೊದಲಾಯಿತೆಂದು ವಿದ್ವಾಂಸರು ಹೇಳುತ್ತಾರೆ.

ಇಂತಹ ಹೆಸರುಗಳನ್ನು ಗುರುತಿಸುವ ಬಗೆ ಹೇಗೆ? ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು ಹೆಚ್ಚಾಗಿ ವಿಗ್ರಹದ ಪೀಠದಲ್ಲಿ ಹಳೆಗನ್ನಡದ ಸಣ್ಣ ಅಕ್ಷರಗಳಿಂದ ಕೊರೆಯುತ್ತಿದ್ದರು. ರೂವಾರಿ ಎಂದರೆ ಶಿಲ್ಪಿ. ಹೆಸರಿನ ಕೊನೆಗೆ ಬರುವ ‘ಓಜ’ ಎಂಬುದು ಗುರು, ಆಚಾರ್ಯ ಎಂಬ ಅರ್ಥವುಳ್ಳದ್ದು. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೀಗೆಯೇ ಹೆಸರು ಬರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು 40ಕ್ಕೂ ಹೆಚ್ಚು ವಿಗ್ರಹಗಳಲ್ಲಿದೆ. ಕೆಲವೆಡೆ ‘ಮಲ್ಲಿ’ ಎಂದು, ಕೆಲವೆಡೆ ಬರಿಯ ‘ಮ’ ಎಂದು. ಆದರೆ ಅಮೃತಾಪುರಕ್ಕೂ ಸೋಮನಾಥಪುರಕ್ಕೂ ನಡುವೆ ಹಲವು ದಶಕಗಳ ಅಂತರವುಂಟು. ಹೆಸರೊಂದೇ ಆದ ಮಾತ್ರಕ್ಕೆ ಮನುಷ್ಯನೂ ಒಬ್ಬನೇ ಎಂದು ತೀರ್ಮಾನಿಸಲಾಗದು. ಕೈಕೆಲಸವನ್ನೂ ಹೋಲಿಸಿ ನೋಡಬೇಕು.

ಆದಕಾರಣವೇ ಮೂಲದ ಅಲಂಕಾರಗಳು ಕೆಡದೆ ಉಳಿಯುವುದು ಅಗತ್ಯ. ಅಮೃತಾಪುರದಲ್ಲಿ ತಿರುಗಣೆಯ ಮೇಲೆ ಕಡೆದು ಹೊಳಪೇರಿಸಿದ ಕಂಬಗಳುಂಟು. ತೆರೆದ ಮಂಟಪದ ಹೊರಗಿನ ಕೈಪಿಡಿಗೋಡೆಯಲ್ಲಿ 140 ಕಥಾಫಲಕಗಳುಂಟು. ಅವುಗಳಲ್ಲಿ 70 ರಾಮಾಯಣದವು, 25 ಕೃಷ್ಣನ ಲೀಲೆಗಳು, 45 ಭಾರತದವು. ರಾಮಾಯಣದ ಕಥೆಯು ಇಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುತ್ತ ನೋಡಿದವನಿಗೆ ಪಟ್ಟಾಭಿಷೇಕವೇ ಮೊದಲಾಗಿ ತೋರೀತು! ಮಕ್ಕಳನ್ನು ಕರೆದೊಯ್ಯುವ ತಾಯಂದಿರು ಇದನ್ನು ನೆನಪಿನಲ್ಲಿಟ್ಟರೆ ಕಥೆ ಹೇಳುವುದು ಸುಲಭ.

ಹೊಯ್ಸಳರು ಬಳಸಿದ ಬಳಪದ ಕಲ್ಲು ಮೃದುವಾದುದು. ಅದರಿಂದಲೇ ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು; ಅದರಿಂದಲೇ ಒಂದು ಮೊಳೆಯೂ ಅದನ್ನು ಗಾಯಗೊಳಿಸಬಲ್ಲದು. ಭಕ್ತಿಯಿಂದ ಬಳಿದ ಎಣ್ಣೆ ಸುಣ್ಣಗಳು ಸಣ್ಣಕ್ಷರಗಳ ಗೆರೆಗಳಲ್ಲಿ ತುಂಬಿ ಅವನ್ನು ಮರೆಮಾಡುತ್ತವೆ. ಇನ್ನು ಹಳೆಯ ಕಟ್ಟಡಗಳ ಮೇಲೆ ತಮ್ಮ ಹೆಸರನ್ನು ಕೆತ್ತಿ ಬರುವ ಪ್ರವಾಸಿಗಳ ವಿಷಯವನ್ನು ಏನೆಂದು ಹೇಳೋಣ? ಎಂಟುನೂರು ವರ್ಷಗಳ ಹಿಂದೆ ಇಡೀ ವಿಗ್ರಹವನ್ನು ಕಡೆದು ಮುಗಿಸಿದವನು, ಅದರ ಕಾಲಡಿಯಲ್ಲಿ ಒಂದೇ ಅಕ್ಷರವನ್ನು ಬರೆದು ತೃಪ್ತನಾದನು. ಏನನ್ನೂ ಮಾಡದವನು ಗೋಡೆಯ ಅಗಲಕ್ಕೆ ಹೆಸರು ಬರೆಯುತ್ತಾನೆ.

ವಾಚಕ ಮಹಾಶಯರು ಸಂಸಾರ ಸಮೇತರಾಗಿ ಅಮೃತಾಪುರಕ್ಕೆ ಹೋಗಿ ಬರಲಿ. ಅಕ್ಷರಗಳನ್ನು ಉಜ್ಜದೆ, ಮುಟ್ಟದೆ, ಓರೆಯಾಗಿ ಬೀಳುವ ಬೆಳಗಿನ ಇಲ್ಲವೆ ಸಂಜೆಯ ಬಿಸಿಲಿನಲ್ಲಿ ನೋಡಿದರೆ ಸಾಕು; ನೆರಳು ತಾನೇ ಅವನ್ನು ಓದಿಸುತ್ತದೆ.