ನಮಗಿಟ್ಟ ಹೆಸರುಗಳು

ಸೊಲ್ಲಾಪುರದ ಪೇಟೆಯಲ್ಲಿ ನಮ್ಮ ಹೆಸರು ‘ಕಾನಡಿ’. ಆಡುವ ಭಾಷೆಯೂ ಕಾನಡಿ, ಆಡುವವನೂ ಕಾನಡಿ. ಮರಾಠಿಯಲ್ಲಿ ಅದೇನೂ ಬೈಗುಳವಲ್ಲ. ತಲೆಮಾರುಗಳಿಂದ ಬಂದ ಸಾದಾ ಮಾತು. ಆದರೆ ಅದಕ್ಕೆ ‘ತಿಳಿಯದ್ದು, ವಿಚಿತ್ರವಾದದ್ದು’ ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ನಮ್ಮ ಜಿಲ್ಲೆಯದೇ ಆದ ಪಂಢರಪುರದ ವಿಠಲನನ್ನು ಜ್ಞಾನೇಶ್ವರರು ಒಂದು ಅಭಂಗದಲ್ಲಿ ‘ಕಾನಡಾ’ ಎಂದು ಕರೆದಿದ್ದಾರೆ. ಅಲ್ಲಿ ‘ಅಗಮ್ಯನಾದವನು’ ಎಂದು ಅರ್ಥ ಹೇಳುವವರಿದ್ದಾರೆ, ‘ಕನ್ನಡ ನಾಡಿನವನು’ ಎಂದು ಹೇಳುವವರೂ ಇದ್ದಾರೆ. ಮರಾಠಿಯ ದೊಡ್ಡ ಸಂಶೋಧಕ ರಾ. ಚಿಂ. ಢೇರೆಯವರು 1984ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ವಿಠಲನ ಬೇರನ್ನು ದಕ್ಷಿಣದ ಪಶುಪಾಲಕರ ದೈವಗಳಲ್ಲಿ ಹುಡುಕಿದರು. ದೇವರಿಗೇ ಈ ಗೊಂದಲ ತಪ್ಪಿಲ್ಲವೆಂದ ಮೇಲೆ ಬ್ಯಾಂಕಿನ ಗುಮಾಸ್ತನ ಪಾಡೇನು!

ಗಡಿ ದಾಟಿ ಆಚೆ ಹೋದರೆ ಹೆಸರು ಬದಲಾಗುತ್ತದೆ. ಒಮ್ಮೆ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತಿದ್ದ ಸಜ್ಜನರೊಬ್ಬರು ಬಹಳ ಪ್ರೀತಿಯಿಂದ, “ಮಹಾರಾಷ್ಟ್ರದವರಾದರೂ ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ ಸಾರ್” ಎಂದರು. ನಮ್ಮ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆಯೇ ಬರುತ್ತಿರಲಿಲ್ಲ ಎಂದು ಹೇಳೋಣವೆನಿಸಿತು. ಅವರ ಮುಖದ ಮೆಚ್ಚುಗೆ ನೋಡಿ ಸುಮ್ಮನಾದೆ. ಸಭೆ ಸಮಾರಂಭಗಳಲ್ಲಿ ನಮಗೆ ಇನ್ನೊಂದು ಬಿರುದಿದೆ: ‘ಗಡಿನಾಡ ಕನ್ನಡಿಗ’. ಶಾಲು ಹೊದಿಸುವಾಗ ಈ ಮಾತು ಕಿವಿಗೆ ಇಂಪಾಗಿಯೇ ಇರುತ್ತದೆ. ಆದರೆ ನಾಡಿನ ನಡುವೆ ಕುಳಿತವನಿಗಷ್ಟೇ ಕಾಣುವ ಅಂಚು ಅದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ 12ನೇ ಶತಮಾನದ ಸಿದ್ಧರಾಮನು ತಾನು ಗಡಿನಾಡಿನಲ್ಲಿದ್ದೇನೆಂದು ಎಣಿಸಿರಲಿಕ್ಕಿಲ್ಲ. ಕವಿರಾಜಮಾರ್ಗದ ಲೆಕ್ಕದಲ್ಲಂತೂ ಕನ್ನಡದ ಬಡಗಣ ಎಲ್ಲೆ ಗೋದಾವರಿ. ಅದು ನಮ್ಮ ಊರಿನಿಂದ ಇನ್ನೂ ಎಷ್ಟೋ ಉತ್ತರಕ್ಕಿದೆ.

ಹೊರಗಿನವರು ಇಟ್ಟ ಹೆಸರು ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂಬುದಕ್ಕೆ ನಮ್ಮದೇ ಕಥೆ ಸಾಕು. ಗೋವೆಗೆ ಬಂದ ಪೋರ್ಚುಗೀಸರು ಅಲ್ಲಿಯ ಕೊಂಕಣಿ ಜನರನ್ನು ‘ಕನಾರಿಂ’ ಎಂದರು. ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಅಚ್ಚಾದಾಗ ಅದರ ಹೆಸರಿನಲ್ಲೂ ಆ ಭಾಷೆ ಕನಾರಿಂ ಎಂದೇ ಇತ್ತು. ‘ಕರ್ನಾಟಿಕ್’ ಎಂಬುದು ಇಂಗ್ಲಿಷರ ಬಾಯಲ್ಲಿ ಆರ್ಕಾಟಿನ ನವಾಬನ ತಮಿಳು ಸೀಮೆಗೆ ಹೋಗಿ ನಿಂತಿತು. ಇತ್ತ ಧಾರವಾಡ ಬೆಳಗಾವಿಗಳ ಅಚ್ಚ ಕನ್ನಡ ಸೀಮೆಗೆ ಅವರು ಕೊಟ್ಟ ಹೆಸರು ‘ದಕ್ಷಿಣ ಮರಾಠಾ ದೇಶ’! ರೈಲು ಕಂಪನಿಗೂ ಸದರ್ನ್ ಮರಾಠಾ ರೇಲ್ವೆ ಎಂದೇ ಹೆಸರಾಯಿತು. ಕಾಸರಗೋಡಿನ ಓದುಗರಿಗೆ ‘ಸೌತ್ ಕೆನರಾ’ದ ನೆನಪು ಮಾಡಿಕೊಡಬೇಕಾಗಿಲ್ಲ, 1956ರವರೆಗೆ ನಿಮ್ಮ ಮನೆಯ ಪತ್ರಗಳ ಮೇಲೆ ಅದೇ ವಿಳಾಸವಿತ್ತು.

ನನ್ನ ಸೋದರಮಾವನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಯಾವ ಅರ್ಜಿ ತುಂಬಿದರೂ ‘ನೀವು ಹಿಸ್ಪಾನಿಕರೋ?’ ಎಂಬ ಪ್ರಶ್ನೆ ಎದುರಾಗುತ್ತದಂತೆ. ಅಂದರೆ ಯಾರು ಎಂದು ಪಕ್ಕದ ಮನೆಯವರನ್ನು ಕೇಳಿದನಂತೆ. “ಕಾಗದದ ಮೇಲೆ ನಾವು ಹಿಸ್ಪಾನಿಕರು, ಮನೆಯಲ್ಲಿ ಮೆಕ್ಸಿಕನ್ನರು” ಎಂದರಂತೆ. ಇದನ್ನು ಫೋನಿನಲ್ಲಿ ಕೇಳಿದಾಗಿನಿಂದ ನಾನು ಆ ಸಂಗತಿಯನ್ನು ಸಿಕ್ಕಲ್ಲೆಲ್ಲ ಓದುತ್ತ ಬಂದಿದ್ದೇನೆ. ಸ್ಪೇನಿಗೆ ರೋಮನರು ಕರೆದ ಹೆಸರು ಹಿಸ್ಪಾನಿಯಾ. ಅಮೆರಿಕದ ಜನಗಣತಿ 1930ರಲ್ಲಿ ಮೆಕ್ಸಿಕನ್ನರನ್ನು ಒಂದು ಬೇರೆ ‘ಜನಾಂಗ’ವೆಂದು ಬರೆಯಿತು, 1940ರಲ್ಲಿ ಆ ಕಾಲಮನ್ನು ತೆಗೆಯಿತು. 1977ರಲ್ಲಿ ಸರಕಾರಿ ಆದೇಶದಿಂದ ‘ಹಿಸ್ಪಾನಿಕ್’ ಎಂಬುದು ಅಧಿಕೃತ ಹೆಸರಾಯಿತು, 1980ರ ಗಣತಿಯಲ್ಲಿ ಎಲ್ಲ ಮನೆಗಳಿಗೂ ಆ ಪ್ರಶ್ನೆ ಹೋಯಿತು. ಸ್ಪೇನಿನ ನೆರಳು ಬೇಡ ಎಂದವರು ‘ಲ್ಯಾಟಿನೋ’ ಎಂದರು. 1997ರಲ್ಲಿ ಸರಕಾರ ಎರಡನ್ನೂ ಜೋಡಿಸಿತು. ಆಗಲೂ ಹೊಂದಲಿಲ್ಲ. ಬ್ರೆಜಿಲಿನವನು ಆಡುವುದು ಪೋರ್ಚುಗೀಸ್. ಅವನು ಲ್ಯಾಟಿನೋ ಆದಾನು, ಹಿಸ್ಪಾನಿಕ್ ಅಲ್ಲ. ಸ್ಪೇನಿನವನದು ಇದರ ತಿರುಗುಮುರುಗು. ಒಂದು ಕಾಲಕ್ಕೆ ಹೀಯಾಳಿಕೆಯಾಗಿದ್ದ ‘ಚಿಕಾನೋ’ ಎಂಬ ಮಾತನ್ನು 1960ರ ದಶಕದಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಎತ್ತಿಕೊಂಡು ತಮ್ಮ ಬಾವುಟ ಮಾಡಿಕೊಂಡರು. ಇದು ನನಗೆ ಬಹಳ ಹಿಡಿಸಿದ ಸಂಗತಿ.

ಅವರಲ್ಲಿ ಕೆಲವರು ಎಲ್ಲಿಂದಲೂ ವಲಸೆ ಬಂದವರಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೋದ ಅರ್ಧದಷ್ಟು ನೆಲ ಅಮೆರಿಕಕ್ಕೆ ಹೋದಾಗ ಅಲ್ಲಿದ್ದವರು ಕುಳಿತಲ್ಲೇ ಪರದೇಶಿಗಳಾದರು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಎಂದು ಅವರ ಮೊಮ್ಮಕ್ಕಳು ಇಂದಿಗೂ ಹೇಳುತ್ತಾರಂತೆ. ಭೀಮೆಯ ದಂಡೆಯಲ್ಲಾಗಲಿ ಚಂದ್ರಗಿರಿಯ ದಂಡೆಯಲ್ಲಾಗಲಿ ಇದಕ್ಕೆ ಟಿಪ್ಪಣಿ ಬೇಕಿಲ್ಲ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಸೊಲ್ಲಾಪುರದಲ್ಲಿ ನಡೆಯಿತು. ಆರು ವರ್ಷಕ್ಕೆ ನಾವು ‘ಹೊರನಾಡು’. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನೂ ದಕ್ಷಿಣ ಸೊಲ್ಲಾಪುರವನ್ನೂ ಜತ್ತವನ್ನೂ ಕೊಡಬೇಕೆಂದಿತು, ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಕೊಡಬೇಕೆಂದಿತು. ನಾವೂ ನೀವೂ ಒಂದೇ ವರದಿಯ ಒಳಗೆ ಧೂಳು ತಿನ್ನುತ್ತಿರುವ ನೆಂಟರು.

ಆದರೆ ನಿಮ್ಮ ಕಡೆಯ ಒಂದು ವಿಷಯ ಕೇಳಿ ನನಗೆ ಅಸೂಯೆಯಾಗಿದೆ. ಕಾಸರಗೋಡಿನಲ್ಲಿ ‘ಕನ್ನಡಿಗ’ ಎನ್ನಿಸಿಕೊಂಡವರ ಮನೆಯೊಳಗಿನ ಮಾತು ತುಳು ಇರಬಹುದು, ಕೊಂಕಣಿ ಇರಬಹುದು, ಹವ್ಯಕ ಭಾಷೆಯೋ ಮರಾಠಿಯೋ ಇರಬಹುದು. ಶಾಲೆಯ ಕನ್ನಡ ಅವರನ್ನೆಲ್ಲ ಒಂದು ಮಾಡಿದೆ. ನಮ್ಮಲ್ಲಿ ತಿರುವು ಬೇರೆ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಕ್ಕಲಕೋಟೆ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ನಿಜ. ಆದರೆ ನೌಕರಿಗೆ ಮರಾಠಿ ಬೇಕು, ದೊಡ್ಡ ನೌಕರಿಗೆ ಇಂಗ್ಲಿಷ್ ಬೇಕು ಎಂದು ತಂದೆತಾಯಿ ಮಕ್ಕಳನ್ನು ಬೇರೆಡೆ ಹಾಕುತ್ತಾರೆ. ಅವರನ್ನು ದೂರಲು ನನಗೆ ನಾಲಿಗೆ ಏಳುವುದಿಲ್ಲ. ಹೀಗಾಗಿ ಆಡಲು ಬಂದರೂ ಓದಲು ಬಾರದ ಕನ್ನಡಿಗರ ಒಂದು ಪೀಳಿಗೆ ಬೆಳೆದಿದೆ. ಅವರನ್ನು ಯಾವ ಹೆಸರಿನಿಂದ ಕರೆಯುವುದು?

ಕೆಲವು ವರ್ಷ ನಾನು ಅಕ್ಕಲಕೋಟೆ ಶಾಖೆಯಲ್ಲಿದ್ದೆ. ಹಣ ತೆಗೆಯುವ ಚೀಟಿಯ ಮೇಲೆ ಗುಂಡಗಿನ ಕನ್ನಡದಲ್ಲಿ ಸಹಿ ಮಾಡುವವರು ಹೆಚ್ಚಾಗಿ ಅರವತ್ತು ದಾಟಿದವರು. ಅದೇ ಮನೆಯ ಮೊಮ್ಮಗ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಗೀಚುತ್ತಿದ್ದ. ದುಧನಿ ಕಡೆಯ ಒಬ್ಬ ಮುದುಕಿ ಕೌಂಟರಿನ ಕಿಂಡಿಯಲ್ಲಿ ಮುಖವಿಟ್ಟು, “ತಮ್ಮಾ, ನೀ ನಮ್ಮ ಮಂದಿ ಏನಪಾ?” ಎಂದು ಕೇಳಿದಳು. “ಹೌದಬೇ ಯವ್ವಾ” ಎಂದೆ. ಕಾನಡಿ, ಕನ್ನಡಿಗ, ಗಡಿನಾಡಿಗ ಯಾವುದೂ ಅವಳಿಗೆ ಬೇಕಾಗಿರಲಿಲ್ಲ. ಈ ‘ನಮ್ಮ ಮಂದಿ’ಯೂ ಅಷ್ಟು ಸರಳವಲ್ಲ ಅನ್ನಿ. ಎರಡನೆಯ ಪ್ರಶ್ನೆಗೆ ಅದು ಜಾತಿಯ ಕಡೆ ಹೊರಳುತ್ತದೆ. ಕಾನಡಿ ಎಂದರೆ ಲಿಂಗಾಯತ ಎಂದೇ ತಿಳಿದ ಮರಾಠಿ ಗೆಳೆಯರು ನನಗಿದ್ದಾರೆ. ಕುರುಬರ, ದಲಿತರ, ಮುಸಲ್ಮಾನರ ಬಾಯಲ್ಲಿ ಕನ್ನಡ ಕೇಳಿದಾಗ ಅವರಿಗೆ ಆಶ್ಚರ್ಯ.

ನಮ್ಮ ತಂದೆಯವರ ಶಾಲೆ ಬಿಟ್ಟ ದಾಖಲೆಯಲ್ಲಿ ಮಾತೃಭಾಷೆಯ ಮುಂದೆ ‘ಕಾನಡಿ’ ಎಂದಿದೆ. ನನ್ನದರಲ್ಲಿ ‘ಕನ್ನಡ’. ನಡುವೆ ಮನೆಯ ಮಾತೇನೂ ಬದಲಾಗಿರಲಿಲ್ಲ, ಬರೆಯುವ ರೂಢಿ ಬದಲಾಗಿತ್ತು ಅಷ್ಟೆ. ಮಗಳನ್ನು ಶಾಲೆಗೆ ಸೇರಿಸಲು ಹೋದಾಗ ಅಲ್ಲಿಯ ಗುಮಾಸ್ತರು ನಮ್ಮ ಮರಾಠಿ ಕೇಳಿ, ತಲೆ ಎತ್ತದೆಯೇ, “ಮರಾಠಿ ಅಂತ ಹಾಕಲೇ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಮರಾಠಿಯಲ್ಲೇ ಹೇಳಿದಳು: “ಕನ್ನಡ ಬರೀರಿ. ಇವಳನ್ನು ನಾನು ಬೈಯುವುದು ಕನ್ನಡದಾಗ.” ಅವರು ನಕ್ಕು ಕನ್ನಡ ಎಂದು ಬರೆದರು. ಮಗಳೀಗ ಐದನೆಯ ಇಯತ್ತೆ. ಬೇಸಿಗೆ ರಜೆಯಲ್ಲಿ ಅಜ್ಜನ ಹತ್ತಿರ ಕಾಗುಣಿತ ತಿದ್ದುತ್ತಿದ್ದಾಳೆ. ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲ.