ಸಾವಧಾನ್, ವಿಶ್ರಾಮ್

ನಜರ್‌ಬಾದಿನ ನಮಗೆ ದಸರಾ ಕುಸ್ತಿ ಹೊಸದಲ್ಲ. ದೊಡ್ಡಕೆರೆ ಮೈದಾನದಲ್ಲಿ ಪೈಲ್ವಾನರನ್ನು ಕಂಡು, ದಪ್ಪ ಸ್ನಾಯುವೆಂದರೆ ಬಲಿಷ್ಠ ಸ್ನಾಯು ಎಂದೇ ನಂಬಿದವರು ನಾವು. ಅದು ಯಾವಾಗಲೂ ನಿಜವಲ್ಲ.

ಬಹಳ ಹಿಂದೆ ನಮ್ಮ ಬೀದಿಯಲ್ಲಿ ಏಳು ವರ್ಷದ ಬಾಲಕನೊಬ್ಬನಿದ್ದ. ತುಂಬಿದ ಮೀನಖಂಡ ನೋಡಿ ಹಿರಿಯರು ಅವನನ್ನು 'ಪೈಲ್ವಾನ' ಎನ್ನುತ್ತಿದ್ದರು. ಆದರೆ ನೆಲದಿಂದ ಏಳಲು ಅವನು ಮೊಣಕಾಲಿಗೆ ಕೈಯೂರಿ, ತನ್ನ ಮೈಯನ್ನೇ ಹತ್ತಿದಂತೆ ಏಳಬೇಕಿತ್ತು. ಕೆಲವರು ಸೋಮಾರಿತನವೆಂದರು. ಅದು ಡುಷೆನ್ ಸ್ನಾಯುಕ್ಷಯವಾಗಿತ್ತು. ಆ ಮೀನಖಂಡದಲ್ಲಿ ಸ್ನಾಯುವಿನ ಜಾಗವನ್ನು ಕೊಬ್ಬು ಆಕ್ರಮಿಸುತ್ತಿತ್ತು. ಹತ್ತು ದಾಟಿದ ಮೇಲೆ ಅವನು ನಡೆಯಲಿಲ್ಲ.

ಚರ್ಮದೊಳಗಿನ ಇಂಥ ಬದಲಾವಣೆಯನ್ನು ಸೂಜಿ ಚುಚ್ಚದೆ ಅಳೆಯಬಲ್ಲದು ಎಂ.ಆರ್.ಐ. ಡ್ರಿಲ್ ತರಗತಿಯ 'ಸಾವಧಾನ್, ವಿಶ್ರಾಮ್' ನಿಮಗೆ ನೆನಪಿದೆಯಲ್ಲವೆ? ನೀರು, ಕೊಬ್ಬುಗಳಲ್ಲಿರುವ ಜಲಜನಕದ ಪ್ರೋಟಾನುಗಳು ಪುಟ್ಟ ಕಾಂತಗಳಂತೆ. ಪ್ರಬಲ ಕಾಂತಕ್ಷೇತ್ರದಲ್ಲಿರುವ ಅವುಗಳಿಗೆ ರೇಡಿಯೋ ಅಲೆ ತಟ್ಟಿದರೆ ದಿಕ್ಕು ಕದಲಿ, ಎಲ್ಲವೂ ಒಂದೇ ಹೆಜ್ಜೆ ಹಾಕುತ್ತವೆ. ಅಲೆ ನಿಂತರೆ ವಿಶ್ರಾಮ್! ಹೆಜ್ಜೆಯ ಹೊಂದಾಣಿಕೆ ಕಳೆಯುವ ಕಾಲವೇ ಟಿ2. ಮೂಲಸ್ಥಿತಿಗೆ ಮರಳುವ ಕಾಲ ಟಿ1.

ಆರೋಗ್ಯವಂತ ಸ್ನಾಯುವಿನ ಟಿ2 ಸುಮಾರು 30ರಿಂದ 40 ಮಿಲಿಸೆಕೆಂಡು. ಉರಿಯೂತದಿಂದ ನೀರು ತುಂಬಿದರೆ ಅದು ಹೆಚ್ಚುತ್ತದೆ. ಕೊಬ್ಬು ಸೇರಿದರೂ ಹೆಚ್ಚುತ್ತದೆ. ಆದ್ದರಿಂದ ನೀರು ಮತ್ತು ಕೊಬ್ಬನ್ನು ಬೇರ್ಪಡಿಸಿಯೂ ಅಳೆಯುತ್ತಾರೆ. ವ್ಯಾಯಾಮ ಮಾಡಿದೊಡನೆಯೂ ಟಿ2 ಏರಿ, ವಿಶ್ರಾಂತಿಯಿಂದ ಇಳಿಯುತ್ತದೆ. ಅಂದರೆ ಯಾವ ಸ್ನಾಯು ದುಡಿಯಿತೆಂಬುದನ್ನೂ ಈ ಅಳತೆ ಹೇಳಬಲ್ಲದು.

ಈ ವಿದ್ಯೆಗೆ ನಮ್ಮ ನಾಡಿನ ನಂಟೂ ಉಂಟು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು, ಹರಿಯುವ ದ್ರವದ ಕಾಂತೀಯ ಅನುರಣನವು ನಿಂತ ದ್ರವದ್ದಕ್ಕಿಂತ ಭಿನ್ನವೆಂದು ತೋರಿಸಿದರು. ದಣಿದ ಪ್ರೋಟಾನುಗಳು ವಿಶ್ರಮಿಸುವ ಮೊದಲೇ ಹೊಸ ದ್ರವ ಬಂದು ಅವುಗಳ ಸ್ಥಾನ ತುಂಬುವುದೇ ಇದರ ಕಾರಣ.

ಡುಷೆನ್ ಸ್ನಾಯುಕ್ಷಯವನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಸ್ಟಿರಾಯ್ಡ್ ಔಷಧಗಳು ಕ್ಷಯವನ್ನು ನಿಧಾನಿಸುತ್ತವೆ. ಹೊಸ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಈ ಅಳತೆಗಳು ನೆರವಾಗುತ್ತವೆ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಉಪಾಧ್ಯಾಯರು. ಓಡಲಾಗದ, ಪದೇ ಪದೇ ಬೀಳುವ ಮಗುವನ್ನು ಸೋಮಾರಿ ಎನ್ನುವ ಮೊದಲು ದಯಮಾಡಿ ವೈದ್ಯರಿಗೆ ತೋರಿಸಿ.