ಕೆಂಪಿನ ಸಿದ್ಧಾಂತ

ಮಳವಳ್ಳಿಯ ನಮ್ಮಜ್ಜಿಗೆ ವೈದ್ಯಶಾಸ್ತ್ರದಲ್ಲಿ ಒಂದೇ ಸಿದ್ಧಾಂತ: ಕೆಂಪಗಿರುವುದೆಲ್ಲ ಹೊಟ್ಟೆಗೆ ಹೋದರೆ ರಕ್ತವಾಗುತ್ತದೆ. ಬೀಟ್‌ರೂಟು, ದಾಳಿಂಬೆ, ಆಲೆಮನೆಯ ಬೆಲ್ಲ ಎಲ್ಲವೂ ಪಾಸು. ಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ತಂಗಿ ದವಡೆಯಲ್ಲಿ ಬಚ್ಚಿಟ್ಟು ಮನೆಗೆ ತಂದ ದಿನ ಅಜ್ಜಿ ಅವಳ ಪರ ನಿಂತಳು. "ನೀಲಿ ಗುಳಿಗೆ ತಿಂದ್ರೆ ರಕ್ತ ಕೆಂಪಗೆ ಹೆಂಗಾದದು?"

ಹೆರಿಗೆಗೆ ಬಂದಿದ್ದ ಚಿಕ್ಕಮ್ಮನಿಗೆ ಆಶಾ ಕಾರ್ಯಕರ್ತೆ ತಂದುಕೊಟ್ಟ ಮಾತ್ರೆ ಕೆಂಪಗಿತ್ತು. ಒಳಗಿದ್ದದ್ದು ಅದೇ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಸುರಿಗೆ ದಿನಕ್ಕೊಂದರಂತೆ 180 ದಿನ. ಅಜ್ಜಿ ಸರ್ಕಾರಕ್ಕೆ ಬುದ್ಧಿ ಬಂತೆಂದಳು. ಚಿಕ್ಕಮ್ಮ ಅದನ್ನು ಕಾಫಿಯ ಜೊತೆ ನುಂಗುತ್ತಿದ್ದಳು. ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆ ಪಾನಕದಲ್ಲಿ ತಗೊಳ್ಳಿ ಎಂದು ಆಶಾ ಹೇಳಿದ್ದು ಗಾಳಿಗೆ ಹೋಯಿತು. ಮಲ ಕಪ್ಪಗಾಯಿತೆಂದು ಚಿಕ್ಕಮ್ಮ ಗಾಬರಿಯಾದಾಗ ಅಜ್ಜಿಯೇ ಸಮಾಧಾನ ಹೇಳಿದ್ದು: "ಕಬ್ಬಿಣ ತಿಂದ್ಮೇಲೆ ಇನ್ನೇನು ಚಿನ್ನ ಬಂದದಾ?"

ಆಮೇಲೆ ಅಜ್ಜಿಯೇ ಬಿಳಿಚಿಕೊಂಡಳು. ನಾಕು ಹೆಜ್ಜೆಗೆ ಏದುಸಿರು, ಅಂಗಾಲೆಲ್ಲ ಜುಮುಜುಮು. ಮದ್ದೂರಿನ ಡಾಕ್ಟರು ಬರೆದ ಕಬ್ಬಿಣಕ್ಕೂ ಅದು ಜಗ್ಗಲಿಲ್ಲ. ಮಂಡ್ಯದಲ್ಲಿ ರಕ್ತ ನೋಡಿದರೆ ಕಣಗಳು ಸಣ್ಣಗಾಗುವ ಬದಲು ದಪ್ಪಗೆ ಊದಿದ್ದವು. ಕೊರತೆ ಕಬ್ಬಿಣದ್ದಲ್ಲ, ವಿಟಮಿನ್ ಬಿ12ರದ್ದು. ಅದು ಮುದ್ದೆಯಲ್ಲಿಲ್ಲ, ಬಸ್ಸಾರಿನ ಸೊಪ್ಪಿನಲ್ಲೂ ಇಲ್ಲ. ಮಾಂಸ, ಮೊಟ್ಟೆ, ಹಾಲಿನಲ್ಲಿದೆ. ತಾತ ಹೋದಂದಿನಿಂದ ಅಜ್ಜಿ ಬಾಡು ಬಿಟ್ಟಿದ್ದಳು. ಹಾಲೋ, ಎರಡು ಸೀಮೆಹಸುವಿನದೂ ಸೊಸೈಟಿಯ ಕ್ಯಾನಿಗೆ. ಬಾಣಂತಿಯರಿಗೆ ಕುರಿಯ ಈಲಿ ಬೇಯಿಸಿ ಬಲವಂತವಾಗಿ ತಿನ್ನಿಸುತ್ತಿದ್ದವಳು! ಈಲಿ ತಿನ್ನಿಸಿಯೇ ಇಂಥದ್ದೊಂದು ಮಾರಕ ರಕ್ತಹೀನತೆಯನ್ನು ಹಿಡಿತಕ್ಕೆ ತಂದೆವೆಂದು ಬಾಸ್ಟನ್ನಿನ ಮೈನಟ್, ಮರ್ಫಿ 1926ರಲ್ಲಿ ಬರೆದರು. 1934ರಲ್ಲಿ ನೊಬೆಲ್ ಪಡೆದರು. ಅಜ್ಜಿಗೆ ಸಿಕ್ಕಿದ್ದು ಬಾಣಂತಿಯರ ಶಾಪ.

ನರ್ಸಮ್ಮ ಸೂಜಿಗೆ ಔಷಧ ಎಳೆದುಕೊಂಡಾಗ ಅಜ್ಜಿಯ ಕಣ್ಣು ಅರಳಿತು. ಬಿ12ರ ನಡುವೆ ಕೂತ ಕೋಬಾಲ್ಟಿನ ದೆಸೆಯಿಂದ ಅದು ಮಾಣಿಕ್ಯದಂತೆ ಕೆಂಪಗಿರುತ್ತದೆ. ಸಿದ್ಧಾಂತ ಸಾಬೀತಾಯಿತು! ನಾನು ಕೋಬಾಲ್ಟು ಎನ್ನುವಷ್ಟರಲ್ಲಿ ಅವಳು ತೋಳು ಚಾಚಿಯಾಗಿತ್ತು.

ದಿನಾ ಒಂದು ಲೋಟ ಹಾಲು ಕುಡೀಬೇಕೆಂದು ಡಾಕ್ಟರು ಹೇಳಿದ ಮೇಲೆ ಸೊಸೈಟಿಗೆ ಅರ್ಧ ಲೀಟರು ಕಮ್ಮಿ ಹೋಗತೊಡಗಿತು. ಆ ಅರ್ಧ ಲೀಟರನ್ನೂ ಮೊಮ್ಮಕ್ಕಳಾದ ನಮಗೇ ಕುಡಿಸುತ್ತಿದ್ದಳು. ಹಾಗಾಗಿ ಅಜ್ಜಿಗೆ ಕೊನೆಯವರೆಗೂ ಇಂಜೆಕ್ಷನ್ ತಪ್ಪಲಿಲ್ಲ.